ಕಟ್ಟದೇ ಹೋದ ಕ್ರೀಡಾಂಗಣದ ಸೀಟುಗಳು

ಶನಿವಾರ ಬೆಳಿಗ್ಗೆ ಮನೆಯಲ್ಲಿ ಸುಮ್ಮನೆ ಕೂರುವುದು ನನ್ನಿಂದಾಗದ ಕೆಲಸ. ವಾರವಿಡೀ ಕಂಪ್ಯೂಟರಿನ ಮುಂದೆ ಕೂತು ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವ ನನಗೆ, ರಜೆ ಬಂತೆಂದರೆ ಕಾಲು ನಿಲ್ಲುವುದಿಲ್ಲ. ಐರ್ಲೆಂಡಿನಲ್ಲಿ ನಾವಿರುವ ಟಾಲಾದಲ್ಲಿ ಲುವಾಸ್ ಟ್ರಾಮ್ ಹತ್ತಿ, ಮನಸ್ಸಿಗೆ ಬಂದ ಸ್ಟಾಪಿನಲ್ಲಿ ಇಳಿದು, ದಾನವಾಗಿ ಬಂದ ಹಳೆ ಸಾಮಾನು ಮಾರುವ ಹತ್ತಿರದ ಚಾರಿಟಿ ಅಂಗಡಿಗೆ ನುಗ್ಗುತ್ತೇನೆ. ಹಳೆಯ ಕೋಟು, ಜೋಡಿ ತಪ್ಪಿದ ಕಪ್ಪು-ಬಸಿಗಳನ್ನು ದಾಟಿದರೆ ಹಿಂದಿನ ಗೋಡೆಗೆ ಪುಸ್ತಕಗಳು. ನಾನು ಹುಡುಕುವುದು ಒಂದೇ ಜಾತಿಯದು: ಅಮೆರಿಕದ ಒಂದು ಬೇಸ್‌ಬಾಲ್ ತಂಡ ವರ್ಷ ವರ್ಷ ಹೊರತರುತ್ತಿದ್ದ ತಂಡದ ಪುಸ್ತಕ. ಆಟಗಾರರ ಫೋಟೊ, ಹಿಂದಿನ ವರ್ಷದ ಅಂಕಗಳು, ಪುಟಗಟ್ಟಲೆ ಜಾಹೀರಾತು, ಕೊನೆಗೆ ಮೈದಾನದ ನಕ್ಷೆ.

ಐರ್ಲೆಂಡಿನಲ್ಲಿ ಅದು ಎಲ್ಲಿ ಸಿಗಬೇಕು ಎಂದು ಕೇಳಬಹುದು. ಅಮೆರಿಕಕ್ಕೆ ದುಡಿಯಲು ಹೋಗಿ ವಾಪಸಾದವರ ಮನೆಗಳಲ್ಲಿ ಇರುತ್ತದೆ. ಅವರು ತೀರಿಕೊಂಡ ಮೇಲೆ ಮಕ್ಕಳು ಚೀಲಕ್ಕೆ ತುಂಬಿ ತಂದು ಅಂಗಡಿಗೆ ಕೊಡುತ್ತಾರೆ. ನನ್ನ ಗಂಡನಿಗೆ ಇದೊಂದು ತಮಾಷೆ. "ಟಿವಿಲಿ ಕ್ರಿಕೆಟ್ ಹಾಕಿದ್ರೆ ಎದ್ದು ಹೋಗ್ತೀಯ, ಬೇಸ್‌ಬಾಲ್ ರದ್ದಿ ಮಾತ್ರ ಬೇಕು ನಿಂಗೆ" ಅನ್ನುತ್ತಾನೆ. ಅವನ ಮಾತು ಸುಳ್ಳಲ್ಲ. ಆಟಕ್ಕಿಂತ ಮೊದಲು ನನ್ನನ್ನು ಹಿಡಿದದ್ದು ಆ ನಕ್ಷೆಗಳು. ನಾನು ಓದಿದ್ದು ಸಿವಿಲ್ ಇಂಜಿನಿಯರಿಂಗ್. ಇದುವರೆಗೆ ಒಂದು ಕಾಂಪೌಂಡ್ ಗೋಡೆಯನ್ನೂ ಕಟ್ಟಿಸಿಲ್ಲ. ಆ ತಂಡವೂ ಹಾಗೆಯೇ. ಇನ್ನೇನು ಹೊಸ ಕ್ರೀಡಾಂಗಣ ಬಂತು ಎಂದು ಪುಸ್ತಕದಲ್ಲಿ ಬಣ್ಣದ ನಕ್ಷೆ ಅಚ್ಚು ಹಾಕುವುದು, ಎರಡು ವರ್ಷ ಬಿಟ್ಟು ಬೇರೆ ಜಾಗದಲ್ಲಿ ಬೇರೆ ನಕ್ಷೆ. ಒಂದನ್ನೂ ಕಟ್ಟಲಿಲ್ಲ.

ಒಂದು ಅಂಗಡಿಯಲ್ಲಿ ನಾನು ಕೈ ಹಾಕಿದ ಪುಸ್ತಕಕ್ಕೇ ಇನ್ನೊಬ್ಬರೂ ಕೈ ಹಾಕಿದರು. ಎಪ್ಪತ್ತು ದಾಟಿದ ಐರಿಷ್ ಮನುಷ್ಯ. ಪ್ರಾಯದಲ್ಲಿ ಆ ತಂಡದ ಊರಿನಲ್ಲೇ ಬಸ್ ಓಡಿಸಿ, ಮರಳಿ ಬಂದು ಇಲ್ಲೂ ಬಸ್ಸನ್ನೇ ಓಡಿಸಿ ನಿವೃತ್ತರಾದವರು. ಪುಸ್ತಕವನ್ನು ನನಗೆ ಬಿಟ್ಟುಕೊಟ್ಟು, ನೋಡಿ ಮುಗಿಸಿದ ಮೇಲೆ ತನಗೂ ತೋರಿಸಬೇಕು ಎಂದರು. ಅಂದಿನಿಂದ ಎರಡು ವಾರಕ್ಕೊಮ್ಮೆ ಟಾಲಾದ ಶಾಪಿಂಗ್ ಸೆಂಟರಿನ ಕೆಫೆಯಲ್ಲಿ ನಮ್ಮಿಬ್ಬರ ಸಭೆ. ನಾವು ಆಡುತ್ತಿದ್ದುದು ಇಂಗ್ಲಿಷೇ. ಆದರೆ ನನ್ನ ಕಿವಿಗೆ ಅವರು ಯಾವತ್ತೂ 'ನೀವು', ನಾನು 'ನೀನು'. ಇಲ್ಲೂ ಹಾಗೆಯೇ ಬರೆಯುತ್ತಿದ್ದೇನೆ.

"ಈ ನದಿ ದಂಡೆ ಮಣ್ಣಲ್ಲಿ ಮೂರು ಅಂತಸ್ತು ನಿಲ್ಲಲ್ಲ" ಅಂತ ನಾನು ಶುರುಮಾಡುತ್ತಿದ್ದೆ.

"ನಿಲ್ಲುತ್ತೆ ಬಿಡು. ಆಟ ಮುಗಿದ ಮೇಲೆ ನಲವತ್ತು ಬಸ್ ಎಲ್ಲಿ ತಿರುಗಿಸ್ತಾರೆ, ಅದನ್ನ ಹೇಳು ಮೊದ್ಲು" ಅಂತ ಅವರು.

ಇಲ್ಲದ ಮೈದಾನದ ಚರಂಡಿ, ಮೆಟ್ಟಿಲು, ಶೌಚಾಲಯದ ಸಾಲಿಗಾಗಿ ನಾವು ಜಗಳವಾಡುತ್ತಿದ್ದೆವು. ಚಹಾ ಆರುತ್ತಿತ್ತು. ಅವರು ದಪ್ಪ ಭೂತಗನ್ನಡಿ ಹಿಡಿದೇ ಪುಟ ನೋಡುತ್ತಿದ್ದರು. ಅದನ್ನು ಸಂಗ್ರಹ ಮಾಡುವವರ ಶೋಕಿ ಎಂದುಕೊಂಡಿದ್ದೆ.

ಕಳೆದ ಶರತ್ಕಾಲದಲ್ಲಿ ಒಂದು ಶನಿವಾರ ಅವರೇ ಒಂದು ಪುಸ್ತಕ ತಂದರು. ಅಮೆರಿಕದಿಂದ ಪಾರ್ಸೆಲಿನಲ್ಲಿ ಬಂತಂತೆ. "ಮನೆಗೆ ತಗೊಂಡು ಹೋಗು. ನಿಧಾನವಾಗಿ ನೋಡಿ, ಏನಿದೆ ಅಂತ ಬಂದು ಹೇಳು" ಎಂದರು. ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಮನೆಗೆ ಬಂದು ಬಿಡಿಸಿದರೆ, ಮಡಿಕೆ ಮಡಿಕೆಯಾಗಿ ತೆರೆದುಕೊಳ್ಳುವ ನದಿ ದಂಡೆಯ ಕ್ರೀಡಾಂಗಣದ ದೊಡ್ಡ ನಕ್ಷೆ. ಒಂದೊಂದು ಸೀಟೂ ಚೌಕ ಚೌಕವಾಗಿ ಬರೆದದ್ದು. ಅದರ ಮೇಲೆ ಯಾರೋ ಪೆನ್ಸಿಲಿನಲ್ಲಿ ಗೀಚಿಬಿಟ್ಟಿದ್ದರು.

ಮೈಸೂರಿನಲ್ಲಿ ನಾನು ಶಾಲೆ ಮುಗಿಸುವವರೆಗೂ ಓದಿದ್ದು ಸೆಕೆಂಡ್ ಹ್ಯಾಂಡ್ ಪಠ್ಯಪುಸ್ತಕ. ಶಾಲೆ ಶುರುವಾಗುವ ವಾರ ಮನೆಯಲ್ಲಿ ಅದೊಂದು ವ್ರತ. ಹಿಂದಿನವರ ಪೆನ್ಸಿಲ್ ಗುರುತುಗಳನ್ನೆಲ್ಲ ರಬ್ಬರಿನಲ್ಲಿ ಅಳಿಸಬೇಕು, ಹರಿದ ಅಂಚಿಗೆ ಅಂಟು ಹಚ್ಚಬೇಕು, ಬ್ರೌನ್ ಪೇಪರ್ ಬೈಂಡ್ ಹಾಕಿ ಲೇಬಲ್ ಅಂಟಿಸಬೇಕು. ಪುಸ್ತಕಕ್ಕೆ ಮರ್ಯಾದೆ ಕೊಡುವುದೆಂದರೆ ಅದೇ ಎಂದು ನನ್ನ ಕೈ ಕಲಿತುಬಿಟ್ಟಿದೆ. ಅವರಿಗೂ ಅದನ್ನೇ ಮಾಡಿಕೊಟ್ಟೆ. ಕಾಗದ ಸುಕ್ಕಾಗದಂತೆ, ಒಂದೇ ದಿಕ್ಕಿಗೆ, ಮೆತ್ತಗೆ ಉಜ್ಜಿ ಉಜ್ಜಿ ನಕ್ಷೆಯನ್ನು ಹೊಸದರಂತೆ ಮಾಡಿದೆ. ಅಳಿಸಿದ್ದು ಏನೆಂದು ಓದುವ ತಾಳ್ಮೆ ಇರಲಿಲ್ಲ. ಬೈಂಡ್ ಹಾಕುವ ಆತುರ.

ಮುಂದಿನ ಸಭೆಗೆ ಹೆಮ್ಮೆಯಿಂದ ಹೋದೆ. ಅವರು ಬೈಂಡಿನ ಮೇಲೆ ಕೈಯಾಡಿಸಿ ನಕ್ಕರು. ನಕ್ಷೆ ಬಿಡಿಸಿ, ಭೂತಗನ್ನಡಿ ತೆಗೆಯದೆ, ನನ್ನ ಕಡೆ ತಿರುಗಿಸಿದರು.

"ಸರಿ, ಹೇಳು. ಪೆನ್ಸಿಲಲ್ಲಿ ಏನಿತ್ತು?"

ನಾನು ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿ ಕಲಕತೊಡಗಿದೆ. ಅವರು ಮಾತ್ರ ಆರಾಮಾಗಿ, ನಾನು ಓದಿಕೊಂಡೇ ಬಂದಿದ್ದೇನೆ ಎಂಬ ನಂಬಿಕೆಯಲ್ಲಿ, ಕಥೆ ಹೇಳತೊಡಗಿದರು. ಅದು ಅವರ ತಮ್ಮನ ಪುಸ್ತಕ. ಅಣ್ಣ ತಮ್ಮ ಇಬ್ಬರೂ ಆ ಊರಿನಲ್ಲಿ ಒಂದೇ ಕೋಣೆಯಲ್ಲಿದ್ದರು. ಹೊಸ ನಕ್ಷೆ ಬಂದಾಗಲೆಲ್ಲ ಇಬ್ಬರೂ ಕೂತು, ಮುಂದೆ ತಾವು ಕೂರುವ ಸೀಟು ಆರಿಸಿ ಪೆನ್ಸಿಲಿನಲ್ಲಿ ಇಂಟು ಮಾರ್ಕ್ ಹಾಕುತ್ತಿದ್ದರು. ಅಲ್ಲಿನ ಅಭಿಮಾನಿಗಳಲ್ಲಿ ಅದೊಂದು ಪದ್ಧತಿಯಂತೆ. ಆಮೇಲೆ ಇವರು ಐರ್ಲೆಂಡಿಗೆ ಮರಳುತ್ತೇನೆಂದರು. ತಮ್ಮ, ನನ್ನೊಬ್ಬನನ್ನೇ ಬಿಟ್ಟು ಹೋಗುತ್ತೀಯಾ ಎಂದು ಮಾತು ಬಿಟ್ಟ. ಇಬ್ಬರ ನಡುವೆ ಮತ್ತೆ ಮಾತುಕತೆ ಶುರುವಾಗಲೇ ಇಲ್ಲ. ಈ ವರ್ಷ ಅವನು ತೀರಿಕೊಂಡ. ಅವನ ಮಗಳು ಕಳಿಸಿದ ಪಾರ್ಸೆಲಿನಲ್ಲಿ ಈ ಪುಸ್ತಕವಿತ್ತು, ಇವರು ಹೊರಟುಬಂದ ಮರುವರ್ಷದ್ದು, ತಮ್ಮ ಒಬ್ಬನೇ ಕೂತು ಗುರುತು ಹಾಕಿದ್ದು.

"ನನ್ನ ಕಣ್ಣಿಗೆ ಪೊರೆ ಬಂದಿದೆ. ಆಪರೇಷನ್‌ಗೆ ಕಾಯ್ತಾ ಇದೀನಿ. ಪೆನ್ಸಿಲ್ ಇದೆ ಅನ್ನೋಷ್ಟು ಕಾಣ್ತು, ಏನು ಅಂತ ಕಾಣಲಿಲ್ಲ. ಅಕ್ಕಪಕ್ಕದವರ ಕೈಲಿ ಓದಿಸೋಕೆ ನಾಚಿಕೆ ಆಯ್ತು. ಒಂದೇ ಒಂದು ವಿಷಯ ಹೇಳು ಸಾಕು. ಇಂಟು ಮಾರ್ಕ್ ಒಂದಿತ್ತಾ, ಎರಡಿತ್ತಾ?"

ಮೌನ ತಡೆದುಕೊಳ್ಳುವ ಶಕ್ತಿ ದೇವರು ನನಗೆ ಕೊಟ್ಟಿಲ್ಲ. "ಎರಡು" ಎಂದೆ. ಬಾಯಿಂದ ಬಿದ್ದೇ ಹೋಯಿತು.

ಅವರು ಟೇಬಲ್ಲಿನ ಅಂಚನ್ನು ಹಿಡಿದುಕೊಂಡರು. "ಪಕ್ಕಪಕ್ಕದಲ್ಲೇನಾ?" ಎಂದು ಕೇಳಿದರು.

ಅದಕ್ಕೂ ಹೂಂ ಅನ್ನಬಹುದಿತ್ತು. ಅನ್ನಲಿಲ್ಲ. ನೋಡಿಲ್ಲ ಎಂದೆ. ಓದದೆಯೇ ಅಳಿಸಿದೆ, ಎರಡು ಅಂದದ್ದೂ ಸುಳ್ಳು ಎಂದೆ. ಕ್ಷಮಿಸಿ ಎಂದು ಎಷ್ಟು ಸಲ ಅಂದೆನೋ ನೆನಪಿಲ್ಲ. ಅವರು ಬೈಯಲಿಲ್ಲ. ಬೈದಿದ್ದರೆ ಎದ್ದು ಹೋಗಬಹುದಿತ್ತು. ಪರವಾಗಿಲ್ಲ ಎನ್ನಲು ಇಲ್ಲಿನವರು ಆಡುವ "ಗ್ರ್ಯಾಂಡ್" ಎಂಬ ಮಾತನ್ನೇ ಅಂದರು, ಬಸ್ಸಿನಲ್ಲಿ ಯಾರೋ ಕಾಲು ತುಳಿದರೆ ಅನ್ನುವಂತೆ, ಮತ್ತು ನಕ್ಷೆ ಮಡಿಸತೊಡಗಿದರು.

ಆಗ ನನಗೆ ತೋಚಿತು. ಅಳಿಸಿದರೂ ಪೆನ್ಸಿಲ್ ಒತ್ತಿದ ಗೀರು ಕಾಗದದಲ್ಲಿ ಉಳಿಯುತ್ತದೆ. ಕಾಲೇಜಿನಲ್ಲಿ ಡ್ರಾಯಿಂಗ್ ಹಾಳೆಯ ಮೇಲೆ ಎಷ್ಟು ಅಳಿಸಿದರೂ ಹೋಗದ ಗೆರೆಗಳಿಗಾಗಿ ನಾನು ಅತ್ತಿದ್ದೆ. ನಕ್ಷೆಯನ್ನು ಅವರ ಕೈಯಿಂದ ಎಳೆದುಕೊಂಡು ಹರಡಿದೆ, ಫೋನಿನ ಟಾರ್ಚನ್ನು ಕಾಗದಕ್ಕೆ ತಾಗಿಸಿ ಅಡ್ಡಲಾಗಿ ಹಿಡಿದು, ಸೀಟಿನ ಸಾಲುಗಳ ಮೇಲೆ ಇಂಚಿಂಚಾಗಿ ಸರಿಸಿದೆ. ಕೆಫೆಯವರು ಕಪ್ಪು ತೆಗೆಯಲು ಬಂದು ಹಾಗೇ ಹೋದರು. ನದಿಯ ಬದಿಯ ಕೆಳಗಿನ ಅಂತಸ್ತಿನಲ್ಲಿ, ಸೀಟುಗಳ ನಡುವಿನ ಓಡಾಟದ ದಾರಿಗೆ ಹತ್ತಿದ ಸಾಲಿನಲ್ಲಿ, ಸಣ್ಣ ನೆರಳೊಂದು ಎದ್ದಿತು. ಇಂಟು ಮಾರ್ಕ್. ಅದರ ಮಗ್ಗುಲಲ್ಲೇ ಇನ್ನೊಂದು.

ಅವರ ಬೆರಳನ್ನು ಹಿಡಿದು ಆ ಜಾಗದ ಮೇಲಿಟ್ಟೆ. ಉಗುರು ದಪ್ಪವಾದ ಆ ಬೆರಳು ಒಮ್ಮೆ ಹಿಂದೆ ಮುಂದೆ ಆಡಿತು. ಅವರಿಗೆ ಏನೂ ತಿಳಿಯಲಿಲ್ಲ. ಕಾಗದಕ್ಕೆ ಮುಖ ತಾಗಿಸಿ ನೋಡಿದರು. ಟಾರ್ಚಿನ ಬೆಳಕು ಕಣ್ಣಿಗೆ ಚುಚ್ಚಿ ನೀರು ಬಂತು.

"ಎರಡಿದೆ" ಎಂದೆ. "ಪಕ್ಕಪಕ್ಕದಲ್ಲೇ ಇದೆ. ಈಗ ನಿಜವಾಗ್ಲೂ ನೋಡಿ ಹೇಳ್ತಿದೀನಿ."

ಅವರು ಕರವಸ್ತ್ರದಿಂದ ಕಣ್ಣೊರೆಸಿಕೊಂಡು, ನನ್ನ ಮುಖವಿದ್ದ ದಿಕ್ಕಿಗೆ ನೋಡಿದರು.

"ಆಗ್ಲೂ ನೀನು ಎರಡು ಅಂತಾನೇ ಹೇಳಿದ್ದೆ" ಅಂದರು.