ಹೆಣದ ಹೆಬ್ಬೆರಳು ಯಾರದ್ದು?

ಕಳೆದ ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಜಗಲಿಯಲ್ಲಿ ಒಂದು ಹೆಣ ಬಿದ್ದಿತ್ತು.

ಗಾಬರಿಯಾಗಬೇಡಿ. ಅದಕ್ಕೂ ಹತ್ತು ನಿಮಿಷ ಮೊದಲು ಆ ಹೆಣ ಅಂಕೋಲೆಯಿಂದ ಬಸ್ಸಿನಲ್ಲಿ ಬಂದು, ಕಾರವಾರದ ಸ್ಟ್ಯಾಂಡಿನಲ್ಲಿಳಿದು, ನನ್ನ ಮನೆ ವಿಚಾರಿಸಿಕೊಂಡು, ಚಪ್ಪಲಿ ಹೊರಗೆ ಬಿಟ್ಟು, ‘ಮಾಸ್ತರ್ರು ಇದ್ರಾ?’ ಎಂದು ಕೇಳಿತ್ತು.

ತಪ್ಪು ನನ್ನದೇ. ಮೊದಲಿನಿಂದ ಹೇಳುತ್ತೇನೆ.

ನಮ್ಮ ಮನೆಗೆ ಬ್ರಾಡ್‌ಬ್ಯಾಂಡ್ ಬಂದು ಎರಡು ತಿಂಗಳಾಯಿತು. ಹೊಸದಾಗಿ ಸೈಕಲ್ ಕಲಿತವನು ಕೆಲಸವಿಲ್ಲದಿದ್ದರೂ ಪೇಟೆ ಸುತ್ತುತ್ತಾನಲ್ಲ, ಹಾಗೆ ಇಂಟರ್‌ನೆಟ್ ಸುತ್ತುತ್ತಿದ್ದೆ. ಅಷ್ಟರಲ್ಲಿ ಅಂಕೋಲೆಯ ಅಂಗಡಿಯೊಂದರಲ್ಲಿ ಹಳೆಯ ಸಿನಿಮಾದ ಸೀಡಿ ಸಿಕ್ಕಿತು. ಇಪ್ಪತ್ತೈದು ವರ್ಷದ ಹಿಂದೆ ಅಲ್ಲೇ ಕೇಣಿಯ ದಂಡೆಯಲ್ಲಿ ಶೂಟಿಂಗ್ ಆದ ಚಿತ್ರ. (ಹೆಸರು ಹೇಳುವುದಿಲ್ಲ. ಈಗಾಗಲೇ ಮಾಡಿಕೊಂಡ ಯಡವಟ್ಟೇ ಸಾಕು.)

ಅದರಲ್ಲೊಂದು ದೃಶ್ಯ. ಮೀನುಗಾರನೊಬ್ಬನ ಹೆಣ ದಂಡೆಗೆ ಬಂದು ಬಿದ್ದಿದೆ. ನಾಯಕ ಮೊಣಕಾಲೂರಿ ಸಮುದ್ರಕ್ಕೆ ಶಾಪ ಹಾಕುತ್ತಾನೆ. ಒಂದು ನಿಮಿಷದ ಡೈಲಾಗು. ನಾಯಕನ ಕಣ್ಣಲ್ಲಿ ನೀರು, ಹಿಂದೆ ವಯೊಲಿನ್ನು. ನನ್ನ ಕಣ್ಣು ಮಾತ್ರ ಹೆಣದ ಎಡಗಾಲಿನ ಮೇಲೆ. ಹೆಬ್ಬೆರಳು ಅಲ್ಲಾಡುತ್ತಿದೆ! ಒಮ್ಮೆಯಲ್ಲ, ಎರಡು ಸಲವಲ್ಲ, ವಯೊಲಿನ್ನಿಗೆ ತಾಳ ಹಾಕಿದ ಹಾಗೆ ಒಂದೇ ಸಮನೆ.

ಬಿಡಲಾದೀತೇ? ಅಷ್ಟನ್ನೇ ಕತ್ತರಿಸಿ ಅಪ್‌ಲೋಡ್ ಮಾಡಿದೆ. ತಲೆಬರಹ: ‘ಸರಿಯಾಗಿ ಸಾಯಲೂ ಬಾರದ ನಟ! ಹೆಬ್ಬೆರಳು ನೋಡಿ, ನಗಿ.’ ಕೆಳಗೆ ‘ಕೊಡುಗೆ’ ಎಂದು ನನ್ನ ಹೆಸರು. (ಸಿನಿಮಾ ಯಾರದೋ, ಕಾಲು ಯಾರದೋ, ಕೊಡುಗೆ ಮಾತ್ರ ನನ್ನದು!)

ಜನ ನಕ್ಕರು. ಯಾರೋ ಅದನ್ನು ಮೊಬೈಲಿಗಿಳಿಸಿದರು. ಬ್ಲೂಟೂತಿನಲ್ಲಿ ಅದು ಸದಾಶಿವಗಡದಿಂದ ಸುಂಕಸಾಳದವರೆಗೆ ಹೋಯಿತು. ಹೋಗುವ ದಾರಿಯಲ್ಲಿ ಕೇಣಿ ಸಿಗುತ್ತದೆ ಎಂಬುದು ನನಗೆ ಹೊಳೆಯಲೇ ಇಲ್ಲ.

‘ಸಾಯೂಕೂ ಬರೂದಿಲ್ಲ ಹೇಳಿ ಬರದವ್ರು ನೀವೇಯಾ?’ ಬಂದವರು ಜಗಲಿಯಲ್ಲಿ ಕೂರಲೂ ಇಲ್ಲ. ‘ನಾನು ಪಾಂಡುರಂಗ, ಕೇಣಿಯವ. ಆ ಹೆಣ ನಾನೇಯಾ.’

ಇಂಥ ಪರಿಚಯಕ್ಕೆ ಏನೆಂದು ಉತ್ತರ ಕೊಡುವುದು? ‘ನೋಡಿ ಸಂತೋಷವಾಯ್ತು’ ಎನ್ನಲೇ?

‘ಮಧ್ಯಾಹ್ನ ದೋಣಿ ನೆಳ್ಳಲ್ಲಿ ಒಂಚೂರು ಅಡ್ಡ ಆಗೂಕಿಲ್ಲ ಮಾಸ್ತರ್ರೆ. “ಪಾಂಡಣ್ಣಾ, ಬೆರಳಾಡ್ಸು, ಇಲ್ದಿದ್ರೆ ಹೊತ್ಕಂಡು ಹೋಗ್ತ್ರು” ಹೇಳಿ ನಗ್ತ್ರು. ಅದು ಹೋಗ್ಲಿ. ನಂಗೆ ಆಕ್ಟಿಂಗ್ ಬರೂದಿಲ್ಲ ಹೇಳಿ ಬರದ್ರಲ್ಲ, ಅದು ಮಾತ್ರ ತಡ್ಕಣೂಕಾಗೂದಿಲ್ಲ. ನೋಡಿ ಈಗ.’

ಹಾಗೆಂದವರೇ ಜಗಲಿಯಲ್ಲಿ ಉದ್ದಕ್ಕೆ ಮಲಗಿದರು. ಮಲಗಿದರು ಎನ್ನುವುದು ಸರಿಯಲ್ಲ, ಸತ್ತರು. ಎದೆ ಏರಲಿಲ್ಲ, ಇಳಿಯಲಿಲ್ಲ. ಒಂದು ನೊಣ ಮೂಗಿನ ಮೇಲೆ ಕೂತು, ಮೀಸೆಯವರೆಗೆ ವಾಕಿಂಗ್ ಹೋಗಿ ಬಂತು. ರೆಪ್ಪೆ ಕದಲಲಿಲ್ಲ. ಎಡಗಾಲನ್ನು ನಾನು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದೆ. ಹೆಬ್ಬೆರಳು ಕಲ್ಲು!

ಅಷ್ಟರಲ್ಲಿ ನನ್ನ ಹೆಂಡತಿ ಚಹಾ ಹಿಡಿದು ಹೊರಗೆ ಬಂದಳು.

‘ಅಯ್ಯಯ್ಯೋ, ಇವ್ರಿಗೆ ಎಂತಾಯ್ತು!’

‘ಎಂತದೂ ಆಗ್ಲಿಲ್ಲ ಅಕ್ಕೋರೆ,’ ಎಂದಿತು ಹೆಣ, ಕಣ್ಣು ತೆರೆಯದೆ. ‘ನಂಗೆ ಸಕ್ರೆ ಕಮ್ಮಿ.’

ಕಪ್ಪು ಒಡೆದದ್ದು ಆಗ.

ಎರಡನೆಯ ಚಹಾ ಬಂದ ಮೇಲೆ ಮೆಲ್ಲಗೆ ಕೇಳಿದೆ. ‘ಇಷ್ಟು ಚೆನ್ನಾಗಿ ಬರ್ತದಲ್ಲ ಪಾಂಡಣ್ಣ, ಮತ್ತೆ ಸಿನಿಮಾದಲ್ಲಿ ಬೆರಳು ಯಾಕೆ ಆಡ್ತು?’

‘ಆಡಿದ್ದಲ್ಲ. ಆಡ್ಸಿದ್ದು.’ ಅವರು ಕಪ್ಪು-ಬಸಿಯನ್ನು ಕೆಳಗಿಟ್ಟರು. ‘ನಮ್ಮಪ್ಪ ಮೀನಿಗೆ ಹೋದವ ಅದೇ ದಂಡೆಗೆ ಬಂದು ಬಿದ್ದಿದ್ದ. ಶೂಟಿಂಗಿನ ಹೊತ್ತಿಗೆ ಅದಾಗಿ ನಾಕೇ ವರ್ಷ. ನನ್ನ ಹೆತ್ತ ಆಯಿ, ತುಳಸಿ ಹೇಳಿ ಹೆಸ್ರು, ನನ್ನ ಶೂಟಿಂಗಿಗೆ ಬಿಡೂಕೇ ತಯಾರಿಲ್ಲ. “ನೀ ಅಲ್ಲಿ ಅಪ್ಪನಂಗೇ ಮನಿಕಂಡ್ರೆ, ಇದು ನಾಟ್ಕ ಹೇಳಿ ಕಡಲಿಗೆ ಹೆಂಗೆ ಗೊತ್ತಾಗ್ಬೇಕಾ? ಬೇಕಾರೆ ಹೆಣ ಆಗು, ಆದ್ರೆ ಎಡಗಾಲ ಹೆಬ್ಬೆರಳು ಆಡ್ಸ್ತಾನೇ ಇರು. ನಾ ನೋಡ್ತೇ ಇರ್ತೆ” ಹೇಳ್ತು. ಬಲೆ ಒಣಗ್ಸೂ ಜಾಗದಲ್ಲಿ ಕೂತ್ಕಂಡು ನೋಡ್ತೇ ಇತ್ತು. ಒಂದ್ಸಲ ನಾ ನಿಲ್ಸಿದ್ದೇ ತಡ, “ಪಾಂಡೂ!” ಹೇಳಿ ಕೂಗ್ತು. ಶೂಟಿಂಗೇ ನಿಂತೋಯ್ತು. ಮತ್ತೆ ನಾ ನಿಲ್ಸಲೇ ಇಲ್ಲ.’

ಹಾಗಾದರೆ ಆ ಬೆರಳಿನ ಮೇಲೆ ಹಕ್ಕು ಯಾರದ್ದು ಎಂದು ತಿಳಿಯಬೇಕೆನಿಸಿತು.

ಒಳಗೆ ಹೋಗಿ ವಕೀಲ ಭಾವನಿಗೆ ಫೋನು ಮಾಡಿದೆ.

‘ಸಿನಿಮಾ ನಿರ್ಮಾಪಕರದ್ದು. ಕೇಳದೆ ಹಾಕಿದವ ನೀನು. ಮೊದಲ ಕಳ್ಳ ನೀನೇ,’ ಎಂದ ಭಾವ. ‘ಅದು ಕಾಪಿರೈಟು. ಅದರಾಚೆ ಮಾರಲ್ ರೈಟ್ಸ್ ಹೇಳಿ ಉಂಟು. ಕೃತಿ ಮಾಡಿದವ ಅದನ್ನು ಮಾರಿದ ಮೇಲೂ, ಇದು ನನ್ನದು ಅಂತ ಹೆಸರು ಹೇಳಿಸಿಕೊಳ್ಳಬಹುದು. ಮಾನ ಹೋಗುವ ಹಾಗೆ ಯಾರಾದರೂ ಅದನ್ನು ಕೆಡಿಸಿದರೆ ತಡೆಯಬಹುದು.’

‘ಪಾಂಡಣ್ಣನಿಗೆ?’

‘ಸಿನಿಮಾದಲ್ಲಿ ಮಾಡುತ್ತೇನೆ ಅಂತ ಒಪ್ಪಿದ ನಟನಿಗೆ ಮತ್ತೆಂತದೂ ಇಲ್ಲ. ಅದರಲ್ಲೂ ಹೆಣ! ಸರಿಯಾಗಿ ನೋಡಿದರೆ, ನನ್ನ ದೃಶ್ಯ ಕೆಡಿಸಿತು ಅಂತ ನಿರ್ದೇಶಕರೇ ಆ ಬೆರಳಿನ ಮೇಲೆ ಕೇಸು ಹಾಕಬೇಕು.’ ಭಾವ ತನ್ನ ಜೋಕಿಗೆ ತಾನೇ ನಕ್ಕ.

ನನಗೆ ನನ್ನ ಅಜ್ಜಿ ನೆನಪಾದಳು. ಆಕೆ ಯಾವ ಕಥೆಯನ್ನೇ ಹೇಳಲಿ, ‘ಇದು ತೋಡೂರಿನ ದೊಡ್ಡಮ್ಮ ನಂಗೆ ಹೇಳಿದ್ದು’ ಎಂದು ಶುರುಮಾಡುತ್ತಿದ್ದಳು. ದೊಡ್ಡಮ್ಮ ಅಳುತ್ತ ಹೇಳಿದ ಜಾಗದಲ್ಲಿ ಅಜ್ಜಿ ನಗಿಸುತ್ತಿರಲಿಲ್ಲ. ಯಾವ ಕಾಯ್ದೆ ಓದಿದ್ದಳು ಆಕೆ? ನಾನಾದರೋ ಬಿ.ಎ., ಬಿ.ಎಡ್.!

ಪಾಂಡಣ್ಣನ ಎದುರೇ ಕಂಪ್ಯೂಟರ್ ಹಾಕಿ ಕ್ಲಿಪ್ಪನ್ನು ಅಳಿಸಿದೆ. ದೊಡ್ಡ ಉಪಕಾರ ಮಾಡಿದವನಂತೆ ಅವರ ಮುಖ ನೋಡಿದೆ.

‘ತೆಗದ್ರೆ ಎಂತ ಬಂತು?’ ಎಂದರು ಅವರು. ‘ಮೊಬೈಲಿಗೆ ಹೋಗಿದ್ದು ಹೋಯ್ತಲ್ಲ. ಆಯಿ ಸತ್ತು ಆರು ವರ್ಷ ಆಯ್ತು. ಈಗ ಊರೆಲ್ಲ ಆ ಬೆರಳು ನೋಡಿ ನಗ್ತದೆ. ಅದು ಹಂಗೇ ಉಳೀತದೆ. ಪೇಪರಲ್ಲಿ ಬರೀತ್ರಂತಲ್ಲ ನೀವು? ಹಂಗಾರೆ ಬರೀರಿ. ಅದು ತಪ್ಪಿ ಆಡಿದ್ದಲ್ಲ ಹೇಳಿ.’

‘ಖಂಡಿತ ಬರೀತೆ. ಬೆರಳಿನ ಕಲಾವಿದ ಅಂತ ನಿಮ್ಮ ಹೆಸರು ದೊಡ್ಡದಾಗಿ ಹಾಕ್ತೆ.’

‘ಥೋ, ನನ್ನದೆಂತಕೆ? ನಾ ಬರೇ ಹೇಳಿದಂಗೆ ಮಾಡಿದವ.’

ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು. ಅಂಕೋಲೆ ಬಸ್ಸಿಗೆ ಹೊತ್ತಾಗಿತ್ತು.

ಸೀಡಿಯನ್ನು ಮತ್ತೊಮ್ಮೆ ಹಾಕಿ ಟೈಟಲ್ ಕಾರ್ಡುಗಳನ್ನು ಮೊದಲಿನಿಂದ ಓದಿದೆ. ಲೈಟ್ ಹಿಡಿದವರ ಹೆಸರಿದೆ, ಊಟ ಬಡಿಸಿದವರ ಹೆಸರಿದೆ. ಒಂದು ಮಾತ್ರ ಬಿಟ್ಟುಹೋಗಿದೆ. ಆ ತುಣುಕು ನಿಮ್ಮ ಮೊಬೈಲಿನಲ್ಲಿದ್ದರೆ, ದಯವಿಟ್ಟು ಇದನ್ನೂ ಸೇರಿಸಿಕೊಂಡು ನೋಡಿ:

ಹೆಬ್ಬೆರಳಿನ ನಿರ್ದೇಶನ: ದಿವಂಗತ ತುಳಸಿ, ಕೇಣಿ.