ಲಕ್ಷ್ಮಿ ಬರೋ ಹೊತ್ತು, ಸೊಳ್ಳೆ ಬರೋ ಹೊತ್ತು

ನಮ್ಮೂರಿಗೆ ಬೇಸಿಗೇಲಿ ನೀರು ಬರೋದಿಲ್ಲ, ಸೊಳ್ಳೆ ಬರ್ತದೆ. ಚುಂಚನಕಟ್ಟೆ ಕಡೆಯಿಂದ ಬರೋ ನಾಲೆ ಪಕ್ಕದ ಊರು ನಮ್ಮದು. ಭತ್ತ ಕುಯ್ದ ಮೇಲೆ ನಾಲೆ ನಿಲ್ಲಿಸ್ತಾರೆ. ಹರಿಯೋ ನೀರು ಹೋಯ್ತದೆ, ನಿಂತ ನೀರು ಎಲ್ಲಿಗೂ ಹೋಗೋದಿಲ್ಲ. ಗುಂಡಿ ಗುಂಡೀಲಿ ಹಸಿರುಗಟ್ಟಿಕೊಂಡು ಕೂತಿರ್ತದೆ. ಆ ಗುಂಡಿಗೂ ನಮ್ಮ ಹಿತ್ತಲಿಗೂ ನಡುವೆ ಒಂದು ಮುಳ್ಳುಬೇಲಿ. ದನಕ್ಕೆ ಹಾಕಿದ್ದು, ಸೊಳ್ಳೆಗಲ್ಲ.

ಸೊಳ್ಳೆ ಬಗ್ಗೆ ನಾನು ತಲೆ ಕೆಡಿಸಿಕೊಂಡೋಳೇ ಅಲ್ಲ. ಕಚ್ಚಿದ್ರೆ ಹೊಡೀತೀನಿ, ಸತ್ರೆ ಸೆರಗಲ್ಲಿ ಒರೆಸ್ತೀನಿ. ಆದ್ರೆ ಹೋದ ಬೇಸಿಗೇಲಿ ಮೊಮ್ಮಗಳು ಬಾಣಂತನಕ್ಕೆ ಬಂದಿದ್ಲು. ನನ್ನ ಮಗನ ಮಗಳು. ಅವಳನ್ನ ಕಂಪಲಾಪುರದ ಹತ್ರ ಹೊಗೆಸೊಪ್ಪು ಬೆಳೆಯೋರ ಮನೆಗೆ ಕೊಟ್ಟಿದ್ದೀವಿ. ಹೊಟ್ಟೆ ಕುಯ್ದು ಹೆರಿಗೆ ಮಾಡಿದ್ರು. ಗಂಡು ಕೂಸು. ಐದು ತಿಂಗಳು ಇಲ್ಲೇ ಇರಲಿ ಅಂತ ಎರಡು ಮನೆಯೋರೂ ಮಾತಾಡಿಕೊಂಡಿದ್ವಿ.

ಎರಡು ತಿಂಗಳು ತುಂಬೋ ಹೊತ್ತಿಗೆ ಅವಳ ಅತ್ತೆ, ಅಂದ್ರೆ ನಮ್ಮ ಬೀಗಿತ್ತಿ, ಕೂಸು ನೋಡೋಕೆ ಬಂದ್ಲು. ಕೂಸನ್ನ ಬಾಗಿಲ ಬೆಳಕಿಗೆ ಹಿಡಿದು, ಸಂತೇಲಿ ಬದನೆಕಾಯಿ ತಿರುವಿ ನೋಡೋ ಹಾಗೆ ಆ ಕಡೆ ಈ ಕಡೆ ತಿರುವಿದ್ಲು. ಕೆನ್ನೆ ಮೇಲೆ ಒಂದು ಕೆಂಪು ಗುಳ್ಳೆ ಸಿಕ್ತು.

"ಇದೇನ್ ದೊಡ್ಡವ್ವ?"

"ಸೊಳ್ಳೆ ಕಣವ್ವ. ಇನ್ನೇನ್ ಚಿರತೆ ಕಚ್ಚಿರ್ತದ?"

ಅವಳಿಗೆ ನಗು ಬರಲಿಲ್ಲ. "ನಮ್ಮನೇಲಿ ಒಂದ್ ಸೊಳ್ಳೆ ಇಲ್ಲ ಕಣ್ರಿ. ಇಲ್ಲಿ ಮೊಗೀಗೆ ಡೆಂಗಿ ಗಿಂಗಿ ಬಂದ್ರೆ ಯಾರ್ ಜವಾಬ್ದಾರಿ? ಹದಿನೈದ್ ದಿನ ಬುಟ್ಟು ಬತ್ತೀನಿ. ಆಗ್ಲೂ ಇಂಗೇ ಇದ್ರೆ ತಾಯಿ ಮಗೂನ ಕರ್ಕಂಡೋಯ್ತೀನಿ, ಬ್ಯಾಸರ ಮಾಡ್ಕಬೇಡಿ."

ಅವಳು ಆಚೆ ಹೋದ ಮೇಲೆ ಮೊಮ್ಮಗಳು ಕೋಣೆಯಿಂದ ಅಂದ್ಲು: "ಸೊಳ್ಳೆಗಲ್ಲ ಕಣಜ್ಜಿ. ಅಲ್ಲಿ ಸಸಿಮಡಿ ಹಾಕವ್ರೆ. ನೀರು ಹುಯ್ಯಕ್ಕೆ ಆಳು ಸಿಕ್ತಾ ಇಲ್ಲ. ಅಲ್ಲಿಗೋದ್ರೆ ನನ್ನೇ ನಿಲ್ಲುಸ್ತಾರೆ."

ಹೊಗೆಸೊಪ್ಪಿನ ಸಸಿ ಅಂದ್ರೆ ಮೊದಮೊದಲು ಸಾಸಿವೆಯಷ್ಟು ಇರ್ತದೆ. ಬೇಸಿಗೇಲಿ ಅದಕ್ಕೆ ಬೆಳಿಗ್ಗೆ ಸಂಜೆ ಕ್ಯಾನಲ್ಲಿ ನೀರು ಹೊತ್ತು, ಬಗ್ಗಿ, ತುಂತುರು ಮಳೆ ಥರ ಹುಯ್ಯಬೇಕು. ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡೋಳು ಮಾಡೋ ಕೆಲಸ ಅಲ್ಲ. ಅದನ್ನ ಬಾಯಿಬಿಟ್ಟು ಹೇಳೋಕೆ ಬೀಗಿತ್ತಿಗೂ ನಾಚಿಕೆ, ಕೇಳೋಕೆ ನಮಗೂ ನಾಚಿಕೆ. ಅದಕ್ಕೆ ಇಬ್ಬರೂ ಸೊಳ್ಳೆ ಮೇಲೆ ಹಾಕಿ ಮಾತಾಡಿದ್ವಿ. ಸೊಳ್ಳೆ ಹೋದ್ರೆ ಹುಡುಗಿ ಇಲ್ಲಿ ಉಳೀತಾಳೆ, ಸೊಳ್ಳೆ ಉಳಿದ್ರೆ ಹುಡುಗಿ ಹೋಯ್ತಾಳೆ. ಅಷ್ಟೇ ವಿಷಯ.

ಯುದ್ಧ ಶುರುವಾಯ್ತು. ಮೊದಲು ಬೇವಿನಸೊಪ್ಪಿನ ಹೊಗೆ ಹಾಕಿದೆ. ನಮ್ಮೆಲ್ಲರ ಕಣ್ಣಲ್ಲೂ ನೀರು, ಕೂಸಿಗೆ ಸೀನು, ಸೊಳ್ಳೆಗೆ ಏನೂ ಇಲ್ಲ. ಗೋಡೆಗೆ ಚುಚ್ಚೋ ಎಣ್ಣೆ ಬಾಟ್ಲಿ ತಂದ್ವಿ. ಅದಕ್ಕೆ ಕರೆಂಟು ಬೇಕು. ನಮ್ಮೂರಲ್ಲಿ ಸಂಜೆ ಕರೆಂಟು ಹೋಗ್ತಿದ್ದಂಗೆ ಸೊಳ್ಳೆ ಬರ್ತದೆ, ಇಬ್ಬರೂ ಮಾತಾಡಿಕೊಂಡಿರೋ ಹಾಗೆ. ಬೀದಿಗೆ ಹೊಗೆ ಮಿಷಿನ್ನು ಬಂತು. ಭರ್ರ್ ಅಂತ ಚರಂಡಿಗೆಲ್ಲ ಹೊಗೆ ಬಿಟ್ಟು ಹೋದ್ರು. ಅಲ್ಲಿ ಸುಖವಾಗಿದ್ದ ಸೊಳ್ಳೆ ಎಲ್ಲ ಹೆದರಿ ಮನೆಯೊಳಗೆ ಬಂದು ಸೇರಿಕೊಂಡ್ವು. ಕೂಸಿಗೆ ಕೊಡೆ ಥರದ ಪರದೆ ಇತ್ತು. ನೋಡೋಕೆ ಬಂದೋರೆಲ್ಲ ಅದನ್ನ ಎತ್ತಿ, "ಯಾರ ಮೂತಿ ಬಂದದೆ" ಅಂತ ತೀರ್ಮಾನ ಮಾಡಿ, ಒಂದು ಸೊಳ್ಳೆ ಒಳಗೆ ಬಿಟ್ಟು ಮುಚ್ಚಿ ಹೋಗೋರು.

ಕೊನೆಗೆ ಮಗ ಬಡಗಿ ಕರೆಸಿ ಕಿಟಕಿಗೆಲ್ಲ ಜಾಲರಿ ಹೊಡೆಸಿದ. ಮುಂದ್ಲ ಬಾಗ್ಲಿಗೆ, ಹಿಂದ್ಲ ಬಾಗ್ಲಿಗೆ ಸ್ಪ್ರಿಂಗು ಹಾಕಿದ ಜಾಲರಿ ಬಾಗ್ಲು ಬೇರೆ. ಬಿಟ್ಟರೆ ಪಟಾರ್ ಅಂತ ತಾನೇ ಮುಚ್ಚಿಕೊಳ್ತದೆ. ಮುಗೀತು ಅಂದ್ಕೊಂಡೆ. ಮಾರನೇ ದಿನ ನೋಡಿದ್ರೆ ಮನೆ ತುಂಬ ಮೊದಲಿಗಿಂತ ಹೆಚ್ಚು ಸೊಳ್ಳೆ.

ಎಲ್ಲಿಂದ ಬರ್ತವೆ ನೋಡೋಣ ಅಂತ ಸಂಜೆ ಜಗಲಿ ಮೇಲೆ ಕೂತೆ. ಹೊತ್ತು ಮುಳುಗ್ತಿದ್ದ ಹಾಗೆ ನನ್ನ ಸೊಸೆ, ಬಾಣಂತಿಯ ತಾಯಿ, ಬಂದ್ಲು. ಹಿಂದ್ಲ ಬಾಗ್ಲು ಭದ್ರವಾಗಿ ಹಾಕಿದ್ಲು. ಮುಂದ್ಲ ಬಾಗ್ಲು ಪೂರ್ತಿ ತೆಗೆದ್ಲು. ಜಾಲರಿ ಬಾಗ್ಲನ್ನೂ ಎಳೆದು ಅಡ್ಡ ಇಟ್ಟಿಗೆ ಇಟ್ಟಳು. ಹೊಸ್ತಿಲಿಗೆ ದೀಪ ಇಟ್ಟು ಕೈ ಮುಗಿದ್ಲು. ನಮ್ಮ ಕಡೆ ದೀಪದ ಹೊತ್ತಲ್ಲಿ ಮುಂಬಾಗಿಲು ತೆಗೆದಿರಬೇಕು, ಲಕ್ಷ್ಮಿ ಬರೋಕೆ. ಹಿಂಬಾಗಿಲು ಹಾಕಿರಬೇಕು, ಬಂದ ಲಕ್ಷ್ಮಿ ಹಾಗೇ ದಾಟಿ ಹೋಗದ ಹಾಗೆ. ನಾನು ನೋಡ್ತಾನೇ ಇದ್ದೆ. ನಾಲೆ ಕಡೆಯಿಂದ ಬಂದ ಸೊಳ್ಳೆಗಳು, ಕುಂಕುಮಕ್ಕೆ ಕರೆದ ಮುತ್ತೈದೆಯರ ಹಾಗೆ, ದೀಪ ದಾಟಿ ಸಾಲಾಗಿ ಒಳಗೆ ಹೋದ್ವು. ಅರ್ಧ ಗಂಟೆ ಆದ ಮೇಲೆ ಸೊಸೆ ಇಟ್ಟಿಗೆ ತೆಗೆದ್ಲು. ಪಟಾರ್. ಒಳಗೆ ಬಂದ ಒಂದು ಸೊಳ್ಳೇನೂ ಆಚೆ ಹೋಗದ ಹಾಗೆ ಹೊಸ ಜಾಲರಿ ಕಾವಲು ನಿಂತ್ಕೊಳ್ತು.

"ಅಮ್ಮಿ, ಆ ಜಾಲರಿ ಮುಚ್ಚಿಕೊಂಡೇ ದೀಪ ಹಚ್ಚು," ಅಂದೆ.

"ದೀಪದ ಹೊತ್ತಲ್ಲಿ ಮುಚ್ಚುದ್ರೆ ಮನೆಗೆ ಏನ್ ಬತ್ತದೆ ಅತ್ತೆ?"

"ಸೊಳ್ಳೆ ಬರಕಿಲ್ಲ."

"ಲಕ್ಷ್ಮಿ?"

"ಗಾಳಿ ಬತ್ತದೆ, ಬೆಳಕು ಬತ್ತದೆ. ಅವಳು ಬರಕಾಗಲ್ವ?"

"ಲಕ್ಷ್ಮಿ ಏನ್ ರಾಗಿ ಹಿಟ್ಟಾ, ಜರಡೀಲಿ ಬರಕ್ಕೆ?"

"ಇಷ್ಟು ವರ್ಷ ತೆಗೆದಿಟ್ಟೆಯಲ್ಲ, ಬಂದ್ಲಾ?" ಅಂದೆ. ಸೊಸೆ ಎರಡು ದಿನ ನನ್ನ ಹತ್ರ ಮಾತು ಬಿಟ್ಟಳು. ಊಟ ಬಡಿಸೋಳು, ಸಾರು ಬೇಕಾ ಅಂತ ಕೇಳ್ತಿರಲಿಲ್ಲ.

ಕೊನೆಗೆ ಕೂಸಿನ ಮುಖ ನೋಡಿ ಒಪ್ಪಿದ್ಲು. ಇನ್ನೂ ಬಿಸಿಲು ಇರೋವಾಗಲೇ ದೀಪ ಹಚ್ಚಿ, ಬಾಗ್ಲು ತೆಗೆದು, ದನ ಮನೆಗೆ ಬರೋ ಹೊತ್ತಿಗೆ ಎಲ್ಲ ಮುಚ್ಚೋದು. ದೇವರಿಗೆ ಬೇಗ ಬಾ ಅಂತ ಹೇಳಿದ ಹಾಗೆ. "ಬಿಸ್ಲಲ್ಲಿ ದೀಪ, ನೋಡ್ದೋರು ನಗ್ತಾರೆ," ಅಂತ ಗೊಣಗ್ತಾನೇ ಹಚ್ಚಿದ್ಲು. ಸೊಳ್ಳೆ ಕಮ್ಮಿಯಾದ್ವು. ಕೂಸಿನ ಕೆನ್ನೆ ನುಣ್ಣಗಾಯ್ತು. ನಾನು ಗೆದ್ದೆ ಅಂತ ಕಾಲು ಚಾಚಿ ಕೂತೆ.

ಹೇಳಿದ ಹಾಗೇ ಬೀಗಿತ್ತಿ ಬಂದ್ಲು. ಆದ್ರೆ ಬೆಳಗಿನ ಬಸ್ಸಿಗಲ್ಲ, ಸರಿಯಾಗಿ ದೀಪ ಹಚ್ಚೋ ಹೊತ್ತಿಗೆ. ಊರಲ್ಲೆಲ್ಲ ಬಾಗ್ಲು ತೆಗೆದದೆ, ಹೊಸ್ತಿಲಲ್ಲಿ ದೀಪ ಉರೀತದೆ. ನಮ್ಮ ಮನೆ ಮಾತ್ರ ಮರದ ಬಾಗ್ಲು, ಜಾಲರಿ ಬಾಗ್ಲು, ಎರಡೂ ಹಾಕಿದೆ. ಕದ ತಟ್ಟಿ, ಒಳಗೆ ಬಂದು, ಚೀಲ ಕೂಡ ಇಳಿಸಲಿಲ್ಲ.

"ಇದೇನ್ ದೊಡ್ಡವ್ವ, ಸಾವಿನ್ ಮನೆ ಥರ? ದೀಪದ ಹೊತ್ತಲ್ಲಿ ಬಾಗ್ಲು ಹಾಕಂಡವ್ರೆ! ಇಂತಾ ಕಡೆ ನಮ್ ವಂಶ ಬೆಳೀಬೇಕಾ?"

"ಸೊಳ್ಳೆ ಬರಬಾರ್ದು ಅಂದೋರು ನೀವೇ ಅಲ್ವಾ?"

"ಸೊಳ್ಳೆಗೆ ಅಂತ ಲಕ್ಷ್ಮೀನ ಆಚೆ ನಿಲ್ಲುಸ್ತಾರಾ?"

ಸೊಸೆ ಮುಖ ಅರಳಿತು. ಎದ್ದು ಓಡಿ ಎರಡು ಬಾಗ್ಲೂ ತೆಗೆದು, ಇಟ್ಟಿಗೆ ಇಟ್ಟು, ಹೊಸದಾಗಿ ದೀಪ ಹಚ್ಚಿದ್ಲು. ವಾರದಿಂದ ಆಚೆ ಕಾಯ್ತಿದ್ದ ಸೊಳ್ಳೆಗಳೂ ತಡ ಮಾಡಲಿಲ್ಲ. ಬೀಗಿತ್ತಿ ನಡುಮನೇಲಿ ಚಾಪೆ ಮೇಲೆ ಕೂತು ಕಾಫಿ ಕುಡೀತಾ ಎಡಗಾಲಿಗೆ ಒಂದು ಏಟು, ಬಲಗಾಲಿಗೆ ಒಂದು ಏಟು ಹೊಡ್ಕೊಳ್ತಿದ್ಲು.

"ಏನವ್ವ, ಕಾಲಿಗೆ?" ಅಂದೆ.

"ಏನಿಲ್ಲ, ಕಡಿತ."

"ಸೊಳ್ಳೆ ಏನೋ ಅಂದ್ಕಂಡೆ."

ಕಾಫಿ ಲೋಟ ಕೆಳಗಿಟ್ಟಳು. "ಸೊಳ್ಳೇನೇ. ಅದುಕ್ಕೇ ಕರ್ಕಂಡೋಯ್ತೀನಿ ಅನ್ನೋದು. ನಮ್ಮನೇಲಿ ಈ ಕಾಟ ಇಲ್ಲ."

ಸೊಸೆ ಮನಸ್ಸಲ್ಲಿ ಕುಹಕ ಇರಲಿಲ್ಲ, ಅವಳಿಗೆ ಅದು ಬರೋದೂ ಇಲ್ಲ. ಕಲೀಬೇಕು ಅಂತಲೇ ಕೇಳಿದ್ಲು. "ಅಂಗಾರೆ ನೀವು ದೀಪ ಎಷ್ಟೊತ್ತಿಗೆ ಹಚ್ತೀರಿ ಅಕ್ಕ? ಬಾಗ್ಲು ಎಷ್ಟೊತ್ತು ತಗ್ದಿರ್ತೀರಿ? ಹೇಳಿ, ನಾನೂ ಅಂಗೇ ಮಾಡ್ತೀನಿ."

ಉತ್ತರ ಕೋಣೆಯಿಂದ ಬಂತು. ಮೊಮ್ಮಗಳು ಕೂಸಿಗೆ ಹಾಲು ಕೊಡ್ತಾ ಇದ್ದೋಳು, ದನಿ ಏರಿಸದೆ ಅಂದ್ಲು: "ಸಂಜೆ ನಮ್ಮನೆಗೆ ಬೀಗ ಹಾಕಿರ್ತದೆ ಕಣವ್ವ. ಎಲ್ರೂ ಸಸಿಮಡೀಲಿ ಇರ್ತೀವಿ. ಬರೋದು ಕತ್ಲಾದ್ ಮೇಲೆ."

ಅದಕ್ಕೇ ಅಲ್ಲಿ ಸೊಳ್ಳೆ ಇಲ್ಲ. ಬಾಗ್ಲು ತೆಗೆಯೋರೇ ಇಲ್ಲದ ಮನೆಗೆ ಅದಾದ್ರೂ ಎಲ್ಲಿಂದ ನುಗ್ಗೀತು.

ನಾನು ಏನಾದ್ರೂ ಚುಚ್ಚಿ ಅನ್ನೋಣ ಅಂತ ಇದ್ದೆ. ಸೊಸೆ ಬಿಡಲಿಲ್ಲ. ಹದಿನೆಂಟನೇ ವಯಸ್ಸಲ್ಲಿ ಮದುವೆಯಾಗಿ ಬಂದಾಗಿನಿಂದ ಬೀಗರ ಎದುರು, ನೆಂಟರ ಎದುರು ತಲೆ ಎತ್ತದೋಳು ಎದ್ದು ನಿಂತಳು. ಹುಡುಗಿ ಹೊಟ್ಟೆ ಹೊಲಿಗೆ ವಿಷಯ ಅಲ್ಲ, ನೀರು ಹೊರೋ ವಿಷಯ ಅಲ್ಲ. ಅವಳಿಗೆ ತಡೆಯೋಕಾಗದ್ದು ಬೇರೆ.

"ದೀಪದ ಹೊತ್ತಲ್ಲಿ ಬೀಗನಾ? ಕತ್ಲೆ ಮನೆಗಾ? ಹಸಿ ಬಾಣಂತಿ, ಎಳೇ ಮೊಗ, ದೀಪ ಹಚ್ಚದೇ ಇರೋ ಮನೆಗೆ ನಾನ್ ಕಳ್ಸಲ್ಲ ಬುಡಿ ಅಕ್ಕ. ಯಾರ್ ಬಂದು ಕೇಳುದ್ರೂ ಕಳ್ಸಲ್ಲ."

ಒಂದು ವಾರ ನಾನು ಆ ಬಾಗಿಲ ಮೇಲೆ ಜಗಳ ಆಡಿದ್ದೆ. ಹುಡುಗೀನ ಉಳಿಸಿದ್ದು ಬಾಗ್ಲು ಮುಚ್ಚಿದ ನಾನಲ್ಲ, ತೆಗೆದೋಳು. ಬಂದ ಕೂಡಲೇ ಲಕ್ಷ್ಮಿ ಪರ ನಿಂತು ಕೂಗಾಡಿದೋಳು ಬೀಗಿತ್ತೀನೇ, ಈಗ ದೀಪ ಬೇಡ ಅನ್ನೋಕಾಗ್ತದಾ? ಕಾಲು ಕೆರ್ಕೊಂಡು, "ಇರ್ಲಿ ಬುಡಿ. ನಾಟಿ ಮುಗುದ್ ಮೇಲೆ ಕಳ್ಸಿ," ಅಂದ್ಲು. ಸೊಸೆ ಅವಳಿಗೆ ಒಬ್ಬಟ್ಟು ಮಾಡಿ ಬಡಿಸಿದ್ಲು. ಅದೂ ಅವಳ ಸ್ವಭಾವ.

ಬೆಳಿಗ್ಗೆ ಬಸ್ಸಿಗೆ ಬಿಡೋಕೆ ನಾನೇ ಹೋದೆ. ದಾರೀಲಿ ಬೀಗಿತ್ತಿ ನನ್ನ ಮುಖ ನೋಡದೆ ಅಂದ್ಲು: "ಬೇಕೂಂತ ಬೀಗ ಹಾಕ್ತೀವಾ ದೊಡ್ಡವ್ವ? ಆ ಹಾಳ್ ಸಸಿಗೆ ದೀಪದ ಹೊತ್ತು ಗೊತ್ತಾದದಾ?"

"ನಂಗೊತ್ತು ಕಣವ್ವ," ಅಂದೆ.

ಬಸ್ಸು ಬಂತು. ಮೆಟ್ಟಿಲು ಎತ್ತರ. ಅವಳು ಸೊಂಟಕ್ಕೆ ಕೈ ಕೊಟ್ಟು ಒಂದು ಸಲ ಕಾಲು ಎತ್ತಿದ್ಲು, ಆಗಲಿಲ್ಲ, ಇಳಿಸಿದ್ಲು. ನಾನು ಹಿಂದಿನಿಂದ ನೂಕಿದೆ. ಮೊಮ್ಮಗಳು ಹೋಗದೇ ಇದ್ದ ಮೇಲೆ, ಆ ಬೇಸಿಗೆ ಪೂರ್ತಿ ಬಗ್ಗಿ ನೀರು ಹುಯ್ಯೋಳು ಅವಳೇ ತಾನೆ.