ಹೆಡ್ ಉಜ್ಜಿಸಿದ ಬೈಕು ಮತ್ತು ದೇವರಮನೆ ಏರು

ಬೈಕಿನ ಸಿಲಿಂಡರ್ ಹೆಡ್ಡನ್ನು ಒಳಗಿಂದ ಉಜ್ಜಿಸಿ ಪೋರ್ಟಿಂಗ್ ಮಾಡಿಸಿದರೆ ಲಾಭವಿದೆಯೇ ಎಂದು ಯಾರಾದರೂ ಕೇಳಿದರೆ, ಖಂಡಿತ ಇದೆ ಎನ್ನುತ್ತೇನೆ. ನೇರವಾದ, ಹೊಂಡವಿಲ್ಲದ, ದನ ಅಡ್ಡ ಬರದ ರಸ್ತೆಯೊಂದು ಇರಬೇಕು, ಅಷ್ಟೆ. ಮೂಡಿಗೆರೆ ತಾಲೂಕಿನಲ್ಲಿ ಅಂಥದ್ದು ನನಗಿನ್ನೂ ಸಿಕ್ಕಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಕಾಫಿ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದೆ. ನನ್ನ ಹಳೇ ಫೋರ್ ಸ್ಟ್ರೋಕ್ ಬೈಕಿಗೆ ಇದ್ದದ್ದು ಒಂದೇ ಘನಕಾರ್ಯ: ಪ್ರತಿ ಸೋಮವಾರ ಅಮ್ಮನನ್ನು ಹಿಂದೆ ಕೂರಿಸಿಕೊಂಡು, ದೇವಸ್ಥಾನವಿರುವ ದೇವರಮನೆ ಗುಡ್ಡ ಹತ್ತುವುದು. ಮಂಡಿನೋವಿನ ಅಮ್ಮ ವಾರದಲ್ಲಿ ಮನೆಯಿಂದ ಹೊರಬೀಳುತ್ತಿದ್ದದ್ದು ಆ ದೇವಸ್ಥಾನಕ್ಕೆ ಮಾತ್ರ. ಬೈಕು ಫಸ್ಟ್ ಗೇರಿನಲ್ಲಿ ಗೊಣಗುತ್ತಾ, ಎಲ್ಲೂ ನಿಲ್ಲದೆ ಹತ್ತುತ್ತಿತ್ತು. ನಾನು ತೆಪ್ಪಗಿರಬಹುದಿತ್ತು.

ಚಿಕ್ಕಮಗಳೂರಿನ ಮೆಕ್ಯಾನಿಕ್ ಒಬ್ಬ, ರೇಸ್ ಬೈಕುಗಳ ಫೋಟೋ ನೋಡಿಯೇ ಪಂಡಿತನಾದವನು, ನನ್ನ ತಲೆ ಕೆಡಿಸಿದ.

"ಇಂಜಿನ್‌ಗೆ ಉಸಿರು ಕಟ್ತಾ ಇದೆ ಸಾರ್. ಹೆಡ್ಡಲ್ಲಿ ಗಾಳಿ ಹೋಗೋ ದಾರಿ ಉಜ್ಜಿ ಅಗಲ ಮಾಡ್ತೀನಿ. ಆಮೇಲೆ ನೋಡಿ, ಹಾರುತ್ತೆ!"

ನಾನು ಎಲ್ಲ ತಿಳಿದವನಂತೆ ತಲೆಯಾಡಿಸಿದೆ. ಅವನು ಮೂರು ದಿನ ಉಜ್ಜಿದ. ಒಳಗೆ ಎಷ್ಟು ಹೊಳೆಯುತ್ತಿತ್ತೆಂದರೆ, ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು. ವಾಪಸು ಬರುವಾಗ ವಸ್ತಾರೆ ದಾಟಿದ ಮೇಲೆ ಬೈಕು ಒಂದು ಫರ್ಲಾಂಗು ಹಾರಿತು ಕೂಡ. ಆಮೇಲೆ ಎದುರಿಗೆ ಬಸ್ಸು ಬಂತು.

ಸೋಮವಾರ ದೇವರಮನೆಯ ಮೊದಲ ಕಡಿದಾದ ತಿರುವಿನಲ್ಲಿ ಬೈಕು ಕೆಮ್ಮಿ ಆಫ್ ಆಯಿತು. ಕಿಕ್ ಹೊಡೆದೆ, ಆಕ್ಸಿಲರೇಟರ್ ಹಿಂಡಿದೆ. ಎರಡು ಮಾರು ಹೋಗಿ ಮತ್ತೆ ನಿಂತಿತು. ನಿಧಾನಕ್ಕೆ ಎಳೆಯುವ ತಾಕತ್ತೇ ಅದಕ್ಕೆ ಹೋಗಿತ್ತು. ಅಮ್ಮ ಇಳಿದಳು.

"ಇದಕ್ಕೆ ಏನೋ ಉಜ್ಜಿಸ್ದೆ ಅಂದ್ಯಲ್ಲ ಮಾರಾಯ, ನನ್ ಮಂಡಿನೂ ಅವನ ಹತ್ರಾನೇ ಉಜ್ಜಿಸು," ಎಂದು ಸೆರಗು ಸಿಕ್ಕಿಸಿ ನಡೆದಳು.

ಪ್ರತಿ ಕಡಿದಾದ ತಿರುವಿನಲ್ಲೂ ಇಳಿದು ನಡೆದಳು. ಮೇಲೆ ತಲುಪುವಾಗ ಮಂಡಿ ಊದಿಕೊಂಡಿತ್ತು. ಥೂ ನನ್ನ ಜನ್ಮಕ್ಕೆ ಅನ್ನಿಸಿತು. ಮುಂದಿನ ಸೋಮವಾರ ಹೊರಡಮ್ಮ ಎಂದರೆ, "ಇಲ್ಲೇ ಕೈ ಮುಗೀತೀನಿ ಬಿಡು," ಎಂದು ಒಳಗೆ ಹೋದಳು.

ತೋಟದ ಹಿರಿಯ ಮೇಸ್ತ್ರಿಯ ಹತ್ತಿರ ಗೋಳು ಹೇಳಿಕೊಂಡೆ. ಅವರಿಗೆ ನಗು ತಡೆಯಲಾಗಲಿಲ್ಲ.

"ಅಲ್ಲ ರೈಟರ್ರೇ, ಹೂವಿಗೆ ನೀರು ಹೊಡೆಯುವಾಗ ನಾನು ಸ್ಪ್ರಿಂಕ್ಲರ್‌ಗೆ ದೊಡ್ಡ ತೂತಿನ ನಾಜಲ್ ಹಾಕಿದ್ದಕ್ಕೆ ನೀವು ಬೈಲಿಲ್ವಾ? ಪಂಪು ಅದೇ ಇರುವಾಗ ತೂತು ದೊಡ್ಡದು ಮಾಡಿದ್ರೆ ನೀರು ಬುಡಕ್ಕೇ ಬೀಳುತ್ತೆ ಅಂತ?"

ಬೈದಿದ್ದೆ. ಎಲ್ಲರ ಎದುರು, ಕಾಲು ಗಂಟೆ.

ಗುಜರಿಯಲ್ಲಿ ಯಾರೂ ಉಜ್ಜದ, ಮಸಿ ಹಿಡಿದ ಹಳೇ ಹೆಡ್ ಒಂದನ್ನು ಹುಡುಕಿ ಹಾಕಿಸಿದೆ. ಅಮ್ಮನನ್ನು ಗೋಗರೆದು ಕೂರಿಸಿಕೊಂಡೆ. ಬೈಕು ಮೊದಲಿನಂತೆಯೇ ಗೊಣಗುತ್ತಾ ಹತ್ತಿತು. ಮೊದಲ ತಿರುವಿನಲ್ಲಿ ನನ್ನ ಹೆಗಲು ಹಿಡಿದಿದ್ದ ಕೈ ಬಿಗಿಯಾಯಿತು.

"ಇಳೀಲಾ ಮಗಾ?"

"ಬೇಡಮ್ಮ."

ಆಮೇಲೆ ಏಳು ವರ್ಷ, ಅಮ್ಮ ಇರುವವರೆಗೂ, ಆ ಗುಡ್ಡ ಹತ್ತಿದೆವು. ಬೈಕು ಒಂದು ಸಲವೂ ನಿಲ್ಲಲಿಲ್ಲ. ಅಮ್ಮ ಒಂದು ಸಲವೂ ಆ ತಿರುವಿನಲ್ಲಿ ಕೇಳದೆ ಬಿಡಲಿಲ್ಲ.